ಹೆಸರಿರುವ ದುಡ್ಡು: ಕರಾವಳಿಯ ಇಗರ್ಜಿಯ ಲೆಕ್ಕಪುಸ್ತಕ

ಭಾನುವಾರ ಬೆಳಿಗ್ಗೆ ಕರಾವಳಿಯ ಯಾವುದಾದರೂ ಕೆಥೋಲಿಕ್ ಇಗರ್ಜಿಗೆ ದುಡ್ಡು ಎಷ್ಟು ದಾರಿಯಿಂದ ಬರುತ್ತದೆಂದು ಎಣಿಸಿ ನೋಡಿ. ಪೂಜೆಯ ನಡುವೆ ಕೈಯಿಂದ ಕೈಗೆ ಸಾಗುವ ಕಾಣಿಕೆ ಚೀಲ. ಸಂತ ಅಂತೋನಿಯವರ ಪ್ರತಿಮೆಯ ಬುಡದಲ್ಲಿ ಬಡವರ ಡಬ್ಬಿ. ಕಚೇರಿಯ ಕಿಟಕಿಯಲ್ಲಿ, ತೀರಿಹೋದ ಅಪ್ಪನ ಹೆಸರಿನಲ್ಲಿ ಪೂಜೆಗೆಂದು ಕೊಟ್ಟ ಹಣ. ವಾಳೆಯ, ಅಂದರೆ ಇಗರ್ಜಿಯ ವಾರ್ಡಿನ, ಗುರಿಕಾರರು ಮನೆಮನೆಯಿಂದ ಒಟ್ಟುಮಾಡಿ ತಂದ ತಿಂಗಳ ವಂತಿಗೆ. ಮದುವೆಗೆ ಸಭಾಂಗಣ ಕಾದಿರಿಸಲು ಬಂದವರ ಮುಂಗಡ. ಗಂಟೆಗೋಪುರದ ರಿಪೇರಿಗೆಂದು ದುಬೈಯಿಂದ ಕಳಿಸಿದ್ದು. ಅಂಗಳದಲ್ಲಿ ಏಲಂ ಇದ್ದರೆ ಒಂದು ಊರ ಕೋಳಿ, ಎರಡು ದೀವಿಹಲಸು, ಒಂದು ಬಾಳೆಗೊನೆ.

ಎಲ್ಲವೂ ಒಂದೇ ಕಂಪೌಂಡಿನೊಳಗೆ ಬರುತ್ತವೆ, ಎಷ್ಟೋ ಕಡೆ ಒಂದೇ ಬ್ಯಾಂಕ್ ಖಾತೆಗೂ ಬೀಳುತ್ತವೆ. ತಾಪತ್ರಯ ಹುಟ್ಟುವುದು ಅಲ್ಲಿಯೇ. ಕೊಟ್ಟವರು ಪ್ರತಿಯೊಂದಕ್ಕೂ ಒಂದು ಹೆಸರಿಟ್ಟು ಕೊಟ್ಟಿರುತ್ತಾರೆ. ಕೆಥೋಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1267ನೇ ವಿಧಿ ಹೇಳುವುದೂ ಇದನ್ನೇ: ಭಕ್ತರು ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಆ ಉದ್ದೇಶಕ್ಕಷ್ಟೇ ಬಳಸಬಹುದು. ಧರ್ಮಕೇಂದ್ರದ, ಅಂದರೆ ಒಂದು ಇಗರ್ಜಿಗೆ ಸೇರಿದ ಭಕ್ತ ಸಮುದಾಯದ, ಹಣಕಾಸಿನ ಜಗಳಗಳಲ್ಲಿ ಕಳ್ಳತನದ ಪಾಲು ಜನ ಅಂದುಕೊಂಡಷ್ಟು ದೊಡ್ಡದಲ್ಲ. ಹೆಚ್ಚಿನವು ಹೆಸರು ಅಳಿಸಿಹೋದ ದುಡ್ಡಿನ ಜಗಳಗಳು. ಗೋಪುರಕ್ಕೆಂದು ಬಂದದ್ದು ಕರೆಂಟ್ ಬಿಲ್ಲಿಗೆ ಹೋಗಿರುತ್ತದೆ. ಯಾರೂ ಜೇಬಿಗೆ ಹಾಕಿಕೊಂಡಿರುವುದಿಲ್ಲ, ಆದರೂ ಗೋಪುರ ಮಾತ್ರ ಹಾಗೇ ಇರುತ್ತದೆ.

ಹಿಂದೆ ಕಥೆ ಬೇರೆ ಇತ್ತು. ದಕ್ಷಿಣ ಕನ್ನಡದ ಹಳೆಯ ಇಗರ್ಜಿಗಳಲ್ಲಿ ಅನೇಕಕ್ಕೆ ಗದ್ದೆ, ತೋಟಗಳಿದ್ದವು. ಒಕ್ಕಲುಗಳಿಂದ ಗೇಣಿ ಬರುತ್ತಿತ್ತು, ಅಕ್ಕಿಯ ರೂಪದಲ್ಲೂ ಬರುತ್ತಿತ್ತು. ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿಯ ಭೂಮಿ ಉಳುವವರ ಪಾಲಾಯಿತು. ದೇವಸ್ಥಾನಗಳಿಗೆ ಆದದ್ದೇ ಇಗರ್ಜಿಗಳಿಗೂ ಆಯಿತು. ಅದು ನ್ಯಾಯವೇ, ಆ ಒಕ್ಕಲುಗಳಲ್ಲಿ ಅದೇ ಇಗರ್ಜಿಯ ಭಕ್ತರೂ ಇದ್ದರು. ಆದರೆ ಗೇಣಿಯ ಆಸರೆ ಹೋದಲ್ಲೆಲ್ಲ ಖರ್ಚಿನ ಭಾರ ನೇರವಾಗಿ ಮನೆಗಳ ಮೇಲೆ ಬಿತ್ತು. ಇವತ್ತಿನ ವಂತಿಗೆ, ಪ್ರಾಯೋಜಕರು, ಸಭಾಂಗಣ ಎಲ್ಲದರ ಹಿಂದೆ ಆ ಬದಲಾವಣೆಯ ನೆರಳಿದೆ.

ಈಗಿನ ಗಣಿತವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. 300 ಕುಟುಂಬಗಳ ಒಂದು ಧರ್ಮಕೇಂದ್ರ. ವಂತಿಗೆ ಮನೆಯೊಂದಕ್ಕೆ ತಿಂಗಳಿಗೆ ₹100. ಎಲ್ಲರೂ ಕೊಟ್ಟರೆ ವರ್ಷಕ್ಕೆ 3.6 ಲಕ್ಷ, ಮೂರರಲ್ಲಿ ಒಂದು ಪಾಲು ಬಾಕಿ ಉಳಿದರೆ 2.4 ಲಕ್ಷ. ಭಾನುವಾರದ ಕಾಣಿಕೆ ಸರಾಸರಿ ₹9,000 ಎಂದಿಟ್ಟರೆ 52 ವಾರಕ್ಕೆ 4.68 ಲಕ್ಷ. ಒಟ್ಟು 7.08 ಲಕ್ಷ. ಇನ್ನು ಖರ್ಚು. ಪೂಜೆಯ ಸಿದ್ಧತೆ ನೋಡಿಕೊಳ್ಳುವ ಸಾಕ್ರಿಸ್ತಾನ್‌ಗೆ ₹14,000, ಅಡುಗೆಯವರಿಗೆ ₹12,000, ಅರ್ಧ ದಿನದ ಗುಮಾಸ್ತರಿಗೆ ₹9,000, ಅಂಗಳ ಮತ್ತು ಸಮಾಧಿ ಭೂಮಿ ನೋಡಿಕೊಳ್ಳುವವರಿಗೆ ₹9,000, ಹೀಗೆ ಸಂಬಳವೇ ವರ್ಷಕ್ಕೆ 5.28 ಲಕ್ಷ. ಕರೆಂಟು, ನೀರು ತಿಂಗಳಿಗೆ ₹8,000ದಂತೆ 96,000. ಓಸ್ತಿ (ಪೂಜೆಯ ರೊಟ್ಟಿ), ದ್ರಾಕ್ಷಾರಸ, ಮೇಣದಬತ್ತಿ, ಹೂ, ಪೀಠದ ಬಟ್ಟೆಗಳ ಒಗೆತ ತಿಂಗಳಿಗೆ ₹4,500ರಂತೆ 54,000. ಕೂಡಿಸಿದರೆ 6.78 ಲಕ್ಷ. ಉಳಿದದ್ದು ₹30,000.

ಈ ಮೂವತ್ತು ಸಾವಿರದಲ್ಲಿ ಗುರುಗಳ ಮಾಸಿಕ ಭತ್ಯೆ, ಧರ್ಮಪ್ರಾಂತ್ಯಕ್ಕೆ (ಬಿಷಪರ ಆಡಳಿತ ವ್ಯಾಪ್ತಿಗೆ) ಕೊಡಬೇಕಾದ ಪಾಲು, ಧರ್ಮಬೋಧನೆಯ ಪುಸ್ತಕಗಳು, ಕೆಟ್ಟ ಮೈಕು, ವಿಮೆ ಎಲ್ಲವೂ ಆಗಬೇಕು. ಆಗುವುದಿಲ್ಲ. ಅಂದರೆ ಜನ ವಾರವಾರ ಕೊಡುವ ಹಣ ಇಗರ್ಜಿಯ ಬಾಗಿಲು ತೆರೆದಿಡಲು ಮಾತ್ರ ಸಾಕು. ಬಾಗಿಲ ಹೊರಗೆ ನಡೆಯುವ ಕೆಲಸಕ್ಕೆ, ಅಂದರೆ ಕಾಯಿಲೆಯವರ ನೆರವು, ಮಕ್ಕಳ ಶಾಲೆಯ ಶುಲ್ಕ, ಯುವಜನರ ಶಿಬಿರಕ್ಕೆಲ್ಲ ಬೇರೆ ಮೂಲ ಬೇಕು. ಗುರುಗಳಿಗೆ ಸಲಹೆ ಕೊಡುವ ಭಕ್ತರ ಪಾಲನಾ ಮಂಡಳಿಯ ಸಭೆಯಲ್ಲಿ ಈ ಒಂದು ಪುಟವನ್ನು ಎಲ್ಲರ ಕೈಗೆ ಕೊಟ್ಟರೆ ಅರ್ಧ ಗೊಣಗಾಟ ಅಲ್ಲೇ ನಿಲ್ಲುತ್ತದೆ. ಎಷ್ಟೋ ಕಡೆ ಅದನ್ನು ಕೊಡುವುದಿಲ್ಲ, ಜಾತ್ರೆಯ ಉಳಿಕೆ ಎಷ್ಟೆಂದು ಮಾತ್ರ ಓದುತ್ತಾರೆ. ಹಾಗಾಗಿ ಇಗರ್ಜಿಯಲ್ಲಿ ದುಡ್ಡು ಕೊಳೆಯುತ್ತಿದೆ ಎಂಬ ಭಾವನೆ ಜನರಲ್ಲಿ ಉಳಿದುಬಿಡುತ್ತದೆ.

ಲೆಕ್ಕ ಒಪ್ಪಿಸುವುದು ಗುರುಗಳ ಸೌಜನ್ಯಕ್ಕೆ ಬಿಟ್ಟ ಸಂಗತಿಯಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 537ನೇ ವಿಧಿ ಹೇಳುತ್ತದೆ. ಪಾಲನಾ ಮಂಡಳಿಗೆ ಆ ಕಡ್ಡಾಯವಿಲ್ಲ, ಅದು ಬಿಷಪರ ತೀರ್ಮಾನ. ಜನ ಇದನ್ನು ತಿರುವುಮುರುವಾಗಿ ತಿಳಿದಿರುತ್ತಾರೆ. 1284ನೇ ವಿಧಿಯಲ್ಲಿ ಆದಾಯ–ವೆಚ್ಚದ ಪುಸ್ತಕ, ವರ್ಷಾಂತ್ಯದ ವರದಿ, ವಿಮೆ, ಸಾಲದ ಬಡ್ಡಿಯನ್ನು ಹೊತ್ತಿಗೆ ಸರಿಯಾಗಿ ಕಟ್ಟುವುದು ಎಲ್ಲ ಇವೆ. 1287ರ ಪ್ರಕಾರ ಬಿಷಪರಿಗೂ ಲೆಕ್ಕ ಕೊಡಬೇಕು, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೂ ಕೊಡಬೇಕು. ಸಮಿತಿಗೆ ಯಾರನ್ನು ಆರಿಸುತ್ತಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ದೊಡ್ಡ ದಾನಿಯನ್ನು ಕೂರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕಿಂತ ನಿವೃತ್ತ ಬ್ಯಾಂಕ್ ಗುಮಾಸ್ತರು ಎಷ್ಟೋ ಮೇಲು: ವೋಚರ್ ಇಲ್ಲದ ಖರ್ಚನ್ನು ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ. ಇಗರ್ಜಿಯ ಕಾಮಗಾರಿ ವಹಿಸಿಕೊಂಡ ಗುತ್ತಿಗೆದಾರರು ಎಷ್ಟು ಒಳ್ಳೆಯವರಾದರೂ ಈ ಸಮಿತಿಯಲ್ಲಿ ಇರಬಾರದು.

ಎಣಿಕೆಯ ಮೇಜಿಗೆ ಬರೋಣ. ಚೀಲ ಬಿಚ್ಚುವಾಗ ಕನಿಷ್ಠ ಮೂವರು ಇರಬೇಕು, ಅವರಲ್ಲಿ ಇಬ್ಬರು ಒಂದೇ ಮನೆಯವರಾಗಬಾರದು. ವಾಳೆಗಳ ಸರದಿ ಇಟ್ಟರೆ ಒಬ್ಬರ ಮೇಲೇ ಹೊರೆ ಬೀಳದು, ಅನುಮಾನವೂ ಒಬ್ಬರ ಮೇಲೇ ಬೀಳದು. ನೋಟುಗಳನ್ನು ಮುಖಬೆಲೆವಾರು ಬರೆದು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಇಬ್ಬರು ಸಹಿ ಹಾಕಿ, ಚೀಟಿಯ ಒಂದು ಪ್ರತಿ ಹಣದ ಜೊತೆ, ಇನ್ನೊಂದು ಕಡತಕ್ಕೆ. ಡಬ್ಬಿಗಳಿಗೆ ಎರಡು ಬೀಗ, ಎರಡು ಕೀಲಿಕೈ, ಇಬ್ಬರ ಕೈಯಲ್ಲಿ. ಸೋಮವಾರ ಅಷ್ಟೂ ಹಣ ಬ್ಯಾಂಕಿಗೆ.

ಈ ‘ಅಷ್ಟೂ’ ಎಂಬುದರಲ್ಲಿ ಸುಲಭವಾಗಿ ಜಾರುತ್ತಾರೆ. ಎಣಿಸುತ್ತಿರುವಾಗಲೇ ಎಲೆಕ್ಟ್ರಿಷಿಯನ್ ಬಂದು ನಿಂತಿರುತ್ತಾನೆ. ‘ಏಳುನೂರು ಇದರಿಂದಲೇ ಕೊಟ್ಟುಬಿಡಿ, ಮತ್ತೆ ಬ್ಯಾಂಕಿಗೆ ಹೋಗುವುದು ಯಾಕೆ’ ಎಂದು ಮೇಜಿನ ಸುತ್ತ ಇದ್ದವರಲ್ಲಿ ಯಾರೋ ಹೇಳುತ್ತಾರೆ. ಕೊಟ್ಟರೆ ಪುಸ್ತಕದಲ್ಲಿ ಕಾಣಿಕೆ ₹700 ಕಡಿಮೆ ಬಂದಂತೆ, ರಿಪೇರಿ ನಡೆಯಲೇ ಇಲ್ಲ ಎಂಬಂತೆ ಕಾಣುತ್ತದೆ. ಎರಡು ಸತ್ಯಗಳು ಒಟ್ಟಿಗೆ ಮಾಯ. ಇದು ವಾರವಾರ ನಡೆದರೆ ಮುಂದಿನ ವರ್ಷದ ಅಂದಾಜುಪಟ್ಟಿಗೆ ಬುಡವೇ ಇರುವುದಿಲ್ಲ. ಚಿಲ್ಲರೆ ಖರ್ಚಿಗೆ ಐದು ಸಾವಿರದ ಒಂದು ಸಣ್ಣ ನಗದು ಪೆಟ್ಟಿಗೆ ಬೇರೆ ಇಟ್ಟು, ಖಾಲಿಯಾದಾಗ ಬಿಲ್ಲುಗಳನ್ನು ಕೊಟ್ಟು ತುಂಬಿಸಿಕೊಳ್ಳುವುದು ಇದಕ್ಕೆ ಮದ್ದು.

ಕ್ಯೂಆರ್ ಕೋಡ್ ಬಂದ ಮೇಲೆ ಎಣಿಕೆ ಹಗುರಾಯಿತು, ಹೆಸರು ಮಾತ್ರ ಮಸುಕಾಯಿತು. ಮೊಬೈಲಿನಿಂದ ₹500 ಬಂದಿದೆ, ಯಾವುದಕ್ಕೆ? ವಂತಿಗೆಗೋ, ಪೂಜೆಗೋ, ಗೋಪುರಕ್ಕೋ? ವಂತಿಗೆಗೆ, ಕಟ್ಟಡ ನಿಧಿಗೆ, ಬಡವರ ನಿಧಿಗೆ ಬೇರೆಬೇರೆ ಖಾತೆಯ ಬೇರೆಬೇರೆ ಕೋಡ್ ಅಂಟಿಸಿದರೆ ಗೊಂದಲ ಬಹುಪಾಲು ತೀರುತ್ತದೆ. ಕೋಡ್ ಧರ್ಮಕೇಂದ್ರದ ಖಾತೆಯದ್ದೇ ಆಗಿರಬೇಕು, ಗುರುಗಳ ಅಥವಾ ಕಾರ್ಯದರ್ಶಿಯ ಸ್ವಂತ ನಂಬರಿನದ್ದಲ್ಲ. ವಾರಕ್ಕೊಮ್ಮೆ ಒಂದು ರೂಪಾಯಿ ಕಳಿಸಿ ಯಾವ ಹೆಸರು ಬರುತ್ತದೆಂದು ನೋಡಬೇಕು. ಮೇಲಿಂದ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋಗುವ ಮೋಸಕ್ಕೆ ಅಂಗಡಿ, ಇಗರ್ಜಿ ಎಂಬ ಭೇದವಿಲ್ಲ.

ಪೂಜೆಗೆಂದು ಕೊಟ್ಟ ಹಣದ ಸೂಕ್ಷ್ಮ ಬೇರೆಯೇ. ಹೊರಗಿನವರಿಗೆ ಇದು ಸೇವೆಯ ರಸೀದಿಯಂತೆ ಕಾಣಬಹುದು. ಆದರೆ ಧರ್ಮಸಭೆಯ ಕಾನೂನಿನಲ್ಲಿ ಇಷ್ಟು ಬಿಗಿಯಾಗಿ ಕಟ್ಟಿಟ್ಟ ಹಣ ಇನ್ನೊಂದಿಲ್ಲ. ವ್ಯಾಪಾರದ ಛಾಯೆಯೂ ತಾಗಬಾರದೆಂದು 947ನೇ ವಿಧಿ ಹೇಳುತ್ತದೆ. ಕಾಣಿಕೆಯ ಮೊತ್ತವನ್ನು ಆಯಾ ಪ್ರಾಂತದ ಬಿಷಪರು ಸೇರಿ ಗೊತ್ತುಮಾಡುತ್ತಾರೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ತಾವಾಗಿ ಹೆಚ್ಚು ಕೊಟ್ಟರೆ ತೆಗೆದುಕೊಳ್ಳಬಹುದು, ಕೊಡಲಾಗದವರಿಗೂ ಪೂಜೆ ಅರ್ಪಿಸಬೇಕು. ಒಬ್ಬ ಗುರು ಒಂದೇ ದಿನ ಎರಡು ಮೂರು ಪೂಜೆ ಅರ್ಪಿಸಿದರೂ ತನಗೆ ಇಟ್ಟುಕೊಳ್ಳುವುದು ಒಂದರ ಕಾಣಿಕೆಯನ್ನು ಮಾತ್ರ, ಉಳಿದದ್ದು ಬಿಷಪರು ಹೇಳಿದ ಉದ್ದೇಶಕ್ಕೆ. ಕ್ರಿಸ್ಮಸ್ ದಿನಕ್ಕೆ ಮಾತ್ರ ವಿನಾಯಿತಿ. ಭಾನುವಾರದ ಪೂಜೆಗಳಲ್ಲಿ ಒಂದನ್ನು ಧರ್ಮಕೇಂದ್ರದ ಗುರುಗಳು ತಮ್ಮ ಜನರೆಲ್ಲರಿಗಾಗಿ ಅರ್ಪಿಸಬೇಕು, ಅದಕ್ಕೆ ಕಾಣಿಕೆಯೇ ಇಲ್ಲ.

ಕಷ್ಟ ಬರುವುದು ನವೆಂಬರ್‌ನಲ್ಲಿ. 2ನೇ ತಾರೀಕು ಮೃತರ ದಿನ. ಸಮಾಧಿಗಳ ಆಶೀರ್ವಾದಕ್ಕೆ ಊರಿಗೆ ಊರೇ ಬರುತ್ತದೆ, ನೂರಾರು ಲಕೋಟೆಗಳು ಬರುತ್ತವೆ. ಪ್ರತಿ ಕೋರಿಕೆಗೂ ಪ್ರತ್ಯೇಕ ಪೂಜೆ ಎಂಬುದು ಮೂಲ ನಿಯಮ, ಒಬ್ಬ ಗುರು ಒಂದು ವರ್ಷದೊಳಗೆ ಅರ್ಪಿಸಲಾಗುವುದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವಂತಿಲ್ಲ. ಹಲವರ ಕೋರಿಕೆಗಳನ್ನು ಒಂದೇ ಪೂಜೆಯಲ್ಲಿ ಸೇರಿಸುವುದಕ್ಕೆ 1991ರಲ್ಲಿ ವ್ಯಾಟಿಕನ್ ವಾರಕ್ಕೆ ಎರಡು ಸಲದ ಮಿತಿ ಹಾಕಿತ್ತು. 2025ರ ಈಸ್ಟರ್‌ನಿಂದ ಜಾರಿಗೆ ಬಂದ ಹೊಸ ಆದೇಶ, ಅನುಮತಿಯ ನಿರ್ಧಾರವನ್ನು ಪ್ರಾಂತದ ಬಿಷಪರಿಗೆ ಬಿಟ್ಟಿದೆ. ಆದರೆ ಕೊಟ್ಟವರಿಗೆ ಮೊದಲೇ ತಿಳಿಸಿ, ಅವರು ಮನಸಾರೆ ಒಪ್ಪಿರಬೇಕು. ಆಗಲೂ ಗುರುಗಳಿಗೆ ಒಂದು ಪೂಜೆಯ ಕಾಣಿಕೆ ಮಾತ್ರ. ಉಳಿದ ಕೋರಿಕೆಗಳನ್ನು ಬೇರೆ ಗುರುಗಳಿಗೆ, ಹೆಚ್ಚಾಗಿ ಕಾಣಿಕೆ ಬಾರದ ಬಡ ಕೇಂದ್ರಗಳಿಗೆ, ಬಿಷಪರ ಕಚೇರಿಯ ಮೂಲಕ ಕಳಿಸಬಹುದು. ಮಂಗಳೂರಿನ ಅಜ್ಜಿಯೊಬ್ಬರ ನೂರಿನ್ನೂರು ರೂಪಾಯಿ ಹೀಗೆ ದೂರದ ಬಯಲುಸೀಮೆಯ ಗುರುವೊಬ್ಬರ ಊಟವಾಗಬಹುದು.

ಇದಕ್ಕೆ ಪ್ರತ್ಯೇಕ ಪುಸ್ತಕ ಕಡ್ಡಾಯ: ಕೋರಿಕೆ, ಮೊತ್ತ, ಎಷ್ಟು ಪೂಜೆ, ಯಾವತ್ತು ಅರ್ಪಿಸಿದ್ದು ಎಂಬ ನಾಲ್ಕು ಕಾಲಂಗಳು. ಪೂಜೆ ಅರ್ಪಿಸುವವರೆಗೆ ಆ ಹಣ ಆದಾಯವೇ ಅಲ್ಲ, ತೀರಿಸಬೇಕಾದ ಋಣ. ಬಂದ ದಿನವೇ ಆದಾಯವೆಂದು ಬರೆದುಬಿಟ್ಟರೆ ಡಿಸೆಂಬರ್‌ನಲ್ಲಿ ಖಾತೆ ಕೊಬ್ಬಿದಂತೆ ಕಂಡು, ಯಾರೋ ಹೊಸ ಸ್ಪೀಕರ್ ತರಿಸುತ್ತಾರೆ.

ವಾರ್ಷಿಕ ಹಬ್ಬದ ಹಣಕ್ಕೆ ಬೇರೆಯೇ ಗತ್ತು. ಕೊಂಕಣಿಯಲ್ಲಿ ಸಾಂತ್‌ಮಾರಿ ಎನ್ನುವ ಹಬ್ಬಕ್ಕೆ ಬೆಳಕು, ಬ್ಯಾಂಡು, ಊಟ, ಹೂವು, ಒಂದೊಂದಕ್ಕೂ ಪ್ರಾಯೋಜಕರಿರುತ್ತಾರೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೂ (ಮೇರಿ ಮಾತೆಯ ಹುಟ್ಟುಹಬ್ಬ) ಹಾಗೆಯೇ: ಒಂಬತ್ತು ದಿನ ಮಕ್ಕಳು ಹೂ ತರುತ್ತಾರೆ, ಕೊನೆಯ ದಿನ ಕಬ್ಬು ಹಂಚುತ್ತಾರೆ, ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಹೋಗುತ್ತದೆ. ಕಬ್ಬಿನ ಹಣ ಯಾರೋ ಒಂದು ಮನೆಯವರು ಹರಕೆಯಂತೆ ಕೊಟ್ಟಿರುತ್ತಾರೆ. ಜನ ಸಂತೋಷದಿಂದ ಕೊಡುವುದು ಇಂಥದ್ದಕ್ಕೇ. ಗುಮಾಸ್ತರ ಸಂಬಳಕ್ಕೆ ಪ್ರಾಯೋಜಕರು ಸಿಕ್ಕಿದ್ದುಂಟೇ?

ಏಲಂ ಇದರಲ್ಲಿ ಅತ್ಯಂತ ಜಾಣ ಪದ್ಧತಿ. ಹಣ ಇಲ್ಲದ ಮನೆಯವರು ಹಿತ್ತಲಿನ ಕೋಳಿ ತರುತ್ತಾರೆ, ಹಣ ಇದ್ದವರು ಅದನ್ನು ಪೇಟೆಯ ಬೆಲೆಯ ಎರಡರಷ್ಟಕ್ಕೆ ಕೂಗುತ್ತಾರೆ. ಗೆದ್ದವರೇ ‘ಮತ್ತೆ ಕೂಗಿ’ ಎಂದು ಕೋಳಿಯನ್ನು ತಿರುಗಿ ಕೊಟ್ಟರೆ, ಒಂದು ಹುಂಜ ಮೂರು ಸಲ ಮಾರಾಟವಾಗುತ್ತದೆ. ಕೊಡುವವರ ಬಡತನ, ಕೊಳ್ಳುವವರ ಜಂಬ, ಎರಡನ್ನೂ ಮರ್ಯಾದೆಯಿಂದ ದುಡ್ಡಾಗಿಸುವ ಇಂಥ ಉಪಾಯ ಯಾವ ಲೆಕ್ಕಪರಿಶೋಧಕರಿಗೂ ಹೊಳೆಯದು. ಅಪಾಯ ಒಂದೇ, ಸಾಲ. ಕೂಗಿನ ಉತ್ಸಾಹದಲ್ಲಿ ಹೇಳಿದ ಮೊತ್ತ ಮರುದಿನ ಮರೆತುಹೋಗುತ್ತದೆ. ಕೂಗುವವರ ಪಕ್ಕದಲ್ಲಿ ಒಬ್ಬರು ಹೆಸರು, ವಸ್ತು, ಮೊತ್ತ ಬರೆಯುತ್ತ ಕುಳಿತು, ಅಲ್ಲೇ ಹಣ ಪಡೆದು ರಸೀದಿ ಹರಿದರೆ ಮಾತ್ರ ಲೆಕ್ಕ ಕೂಡುತ್ತದೆ.

ಹಬ್ಬದ ಲೆಕ್ಕವನ್ನು ಬೇರೆಯೇ ಪುಸ್ತಕದಲ್ಲಿ ಇಟ್ಟು, ತಿಂಗಳೊಳಗೆ ಮುಚ್ಚಬೇಕು. ಉಳಿದರೆ ಯಾವುದಕ್ಕೆ ಎಂಬುದನ್ನು ಹಬ್ಬದ ನಂತರ ಅಲ್ಲ, ಮೊದಲೇ ತೀರ್ಮಾನಿಸಿ ರಸೀದಿಯ ಕೆಳಗೆ ಅಚ್ಚು ಹಾಕಬೇಕು. ಅಂದಹಾಗೆ, 2016ರಲ್ಲಿ ಬಸಿಲಿಕವಾದ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ, ಕಾರ್ಕಳದ ಅತ್ತೂರಿನಂಥ ಯಾತ್ರಾಸ್ಥಳಕ್ಕೆ ಜನವರಿಯಲ್ಲಿ ಎಲ್ಲ ಧರ್ಮದವರೂ ಬರುತ್ತಾರೆ. ಆ ಜನಸಾಗರ ನೋಡಿ ಊರ ಸಣ್ಣ ಇಗರ್ಜಿಯ ಆದಾಯ ಅಂದಾಜು ಮಾಡಬಾರದು.

ಇನ್ನು ಇಗರ್ಜಿಯ ಮಾಡು, ಅಂದರೆ ಛಾವಣಿ. ಹಂಚಿನ ಇಗರ್ಜಿಯಾದರೆ ಮೇ ಮುಗಿಯುವುದರೊಳಗೆ ಹಂಚು ಕೈಯಾಡಿಸಬೇಕು. ಒಡೆದ ಒಂದು ಹಂಚಿನಿಂದ ಇಳಿದ ನೀರು ಹಂಚು ಕೂರುವ ಮರದ ರೀಪಿಗೆ, ರೀಪಿನಿಂದ ಅದನ್ನು ಹೊರುವ ಪಕ್ಕಾಸಿಗೆ ಹೋಗುತ್ತದೆ. ತೇವದ ಮರಕ್ಕೆ ಗೆದ್ದಲು. ಕೆಲವು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ ಮೂರು ಮಳೆಗಾಲ ಕಳೆದರೆ ಮಾಡು ಬಿಚ್ಚುವ ಕೆಲಸವಾಗುತ್ತದೆ. ಆಗ ‘ಹೇಗೂ ಬಿಚ್ಚುತ್ತೇವಲ್ಲ, ಹೊಸತೇ ಕಟ್ಟೋಣ’ ಎಂಬ ಮಾತು ಬರುತ್ತದೆ. ನೂರು ವರ್ಷದ ಕಟ್ಟಡಗಳು ಬಿದ್ದುಹೋಗುವುದು ಈ ಒಂದು ವಾಕ್ಯದಿಂದ. ಬಣ್ಣ, ಮಾಡು ಸೇರಿ ಆರು ವರ್ಷಕ್ಕೊಮ್ಮೆ ಆರು ಲಕ್ಷ ಬೇಕೆಂದು ಕಂಡರೆ, ವರ್ಷಕ್ಕೆ ಒಂದು ಲಕ್ಷವನ್ನು ಪ್ರತ್ಯೇಕ ಠೇವಣಿಯಲ್ಲಿ ಇಡಬೇಕು. ಗಂಟೆಗೋಪುರದ ಸಿಡಿಲು ಕಂಬಿ ನೆಲಕ್ಕೆ ಸರಿಯಾಗಿ ತಾಗಿದೆಯೇ ಎಂದು ಮಳೆಗೆ ಮೊದಲು ನೋಡಿಸಬೇಕು.

ಹೊರಗೆ ಹೋಗಲೆಂದೇ ಬರುವ ಹಣವೂ ಇದೆ. ಶುಭ ಶುಕ್ರವಾರದ ಕಾಣಿಕೆ ಪವಿತ್ರ ನಾಡಿಗೆ, ಜೂನ್ ಕೊನೆಯ ಸಂತ ಪೇತ್ರರ ಕಾಣಿಕೆ ಪೋಪರ ದಾನಕಾರ್ಯಕ್ಕೆ, ಅಕ್ಟೋಬರ್‌ನ ಮಿಷನ್ ಭಾನುವಾರದ್ದು ಮಿಷನ್ ಕೆಲಸಕ್ಕೆ. ಇವು ಧರ್ಮಕೇಂದ್ರದ ಪುಸ್ತಕದಲ್ಲಿ ಹಾದುಹೋಗುತ್ತವೆ ಅಷ್ಟೆ, ಒಂದು ರೂಪಾಯಿಯನ್ನೂ ಹಿಡಿದಿಟ್ಟುಕೊಳ್ಳುವಂತಿಲ್ಲ. ಊರಿನ ಬಡವರ ನೆರವು ಹೆಚ್ಚಾಗಿ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ ಮೂಲಕ ನಡೆಯುತ್ತದೆ. ಅವರ ಸಭೆಯಲ್ಲಿ ಚೀಲ ಸುತ್ತುವಾಗ ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದು. ನೆರವು ಪಡೆದವರ ಹೆಸರನ್ನೂ ಅವರು ಹೊರಗೆ ಆಡುವುದಿಲ್ಲ. ವಾರ್ಷಿಕ ವರದಿಯಲ್ಲಿ ‘ಇಷ್ಟು ಕುಟುಂಬ, ಇಷ್ಟು ರೂಪಾಯಿ’ ಎಂದು ಬರೆದರೆ ಸಾಕು, ಹೆಸರು ಓದಿ ಚೆಕ್ ಕೊಡುವ ಫೋಟೋ ಬೇಡ.

ವಂತಿಗೆಯ ಬಾಕಿಯ ವಿಷಯದಲ್ಲೂ ಇದೇ ಸೂಕ್ಷ್ಮ ಬೇಕು. ಮದುವೆಯ ಪತ್ರಕ್ಕೋ ಮಗುವಿನ ಜ್ಞಾನಸ್ನಾನಕ್ಕೋ ಬಂದಾಗ ಐದು ವರ್ಷದ ಬಾಕಿ ಒಟ್ಟಿಗೆ ಕೇಳುವುದು ಹಳೆಯ ರೂಢಿ. ವಸೂಲಿ ಆಗುತ್ತದೆ, ಮನಸ್ಸು ಒಡೆಯುತ್ತದೆ. ಬಡತನದ ಕಾರಣಕ್ಕೆ ಯಾರೂ ಸಂಸ್ಕಾರಗಳಿಂದ ವಂಚಿತರಾಗಬಾರದೆಂದು 848ನೇ ವಿಧಿಯೇ ಹೇಳುತ್ತದೆ. ಗುರಿಕಾರರು ಮೂರು ತಿಂಗಳಿಗೊಮ್ಮೆ ಮನೆಗೆ ಹೋದರೆ ಬಾಕಿ ಬೆಳೆಯುವುದೇ ಇಲ್ಲ. ಕೊಡಲಾಗದ ಮನೆ ಯಾವುದೆಂದೂ ಅವರಿಗೆ ಗೊತ್ತಿರುತ್ತದೆ, ಅದನ್ನು ಗುರುಗಳ ಕಿವಿಯಲ್ಲಿ ಹೇಳಿ ಮನ್ನಾ ಮಾಡಿಸಬಹುದು.

ಸರ್ಕಾರದ ನಿಯಮಗಳಲ್ಲಿ ಕರಾವಳಿಯವರು ಎಡವುವುದು ಮುಖ್ಯವಾಗಿ ಗಲ್ಫ್ ಹಣದಲ್ಲಿ. ಭಾರತದ ಪಾಸ್‌ಪೋರ್ಟ್ ಇರುವ ಮಗ ಕುವೈತ್‌ನಿಂದ ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅದೇ ಮನೆಯ ಮಗಳು ಕೆನಡಾದ ಪೌರತ್ವ ಪಡೆದಿದ್ದರೆ, ಆಕೆಯ ಬಳಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ನೋಂದಣಿ ಇದ್ದರೂ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ದಾನಿಗಳ ಪಟ್ಟಿಯಲ್ಲಿ ಪಾಸ್‌ಪೋರ್ಟ್ ಯಾವ ದೇಶದ್ದೆಂಬ ಕಾಲಂ ಇಡುವುದು ಒರಟೆನಿಸಬಹುದು, ಆದರೂ ಇಡಬೇಕು.

ಒಬ್ಬರಿಂದ ಒಂದು ದಿನ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ. ಹೊಸ ಇಗರ್ಜಿ ಕಟ್ಟುವಾಗ ಊರವರಿಂದ ಬಡ್ಡಿಯಿಲ್ಲದ ಕೈಸಾಲ ಪಡೆಯುವುದು ರೂಢಿ. ಆ ಸಾಲವೂ ಇಪ್ಪತ್ತು ಸಾವಿರ ಮುಟ್ಟಿದರೆ ನಗದಾಗಿ ಪಡೆಯುವಂತಿಲ್ಲ. ಇನ್ನು ಸಭಾಂಗಣ: ಆದಾಯ ತೆರಿಗೆಯಡಿ ನೋಂದಾಯಿತ ಸಂಸ್ಥೆಗೆ ಸೇರಿದ, ಇಗರ್ಜಿಯ ಆವರಣದೊಳಗಿನ ಸಭಾಂಗಣದ ದಿನದ ಬಾಡಿಗೆ ₹10,000ಕ್ಕಿಂತ ಕಡಿಮೆ ಇದ್ದರೆ ಜಿಎಸ್‌ಟಿ ವಿನಾಯಿತಿ ಇದೆ, ಹತ್ತು ಸಾವಿರ ಮುಟ್ಟಿದರೆ ಇಲ್ಲ. ದಾನಕ್ಕೆ ತೆರಿಗೆ ರಿಯಾಯಿತಿ ಸಿಗಲೆಂದು ‘80ಜಿ ರಸೀದಿ ಕೊಡಿ’ ಎಂದು ಕೇಳುವ ದಾನಿಗಳಿಗೆ, ಧಾರ್ಮಿಕ ವೆಚ್ಚ ಆದಾಯದ ಶೇ. 5 ಮೀರುವ ಸಂಸ್ಥೆಗೆ ಆ ಸೌಲಭ್ಯ ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದರೂ ಲೆಕ್ಕದ ದಾರ ತುಂಡಾಗುವ ದಿನವೊಂದಿದೆ, ಗುರುಗಳ ವರ್ಗಾವಣೆಯ ದಿನ. ಬೀಳ್ಕೊಡುಗೆ, ಹಾಡು, ಶಾಲು ಎಲ್ಲ ಮುಗಿದು ವ್ಯಾನು ಹೊರಡುವ ಹೊತ್ತಿಗೆ ಕೀಲಿಗೊಂಚಲು ಕೈಬದಲಾಗುತ್ತದೆ, ಅದರ ಜೊತೆ ಹೋಗಬೇಕಾದ ಕಾಗದ ಮಾತ್ರ ಹೋಗುವುದಿಲ್ಲ. ಹಣಕಾಸು ಸಮಿತಿಯ ಇಬ್ಬರು ಹಿಂದಿನ ವಾರವೇ ಕುಳಿತು ಪಟ್ಟಿ ಮಾಡಬೇಕು: ಖಾತೆವಾರು ಶಿಲ್ಕು, ಠೇವಣಿ ಪತ್ರಗಳು ಯಾರ ಹೆಸರಿನಲ್ಲಿವೆ ಮತ್ತು ಯಾವಾಗ ಮಾಗುತ್ತವೆ, ಯಾವ ನಿಧಿಯಲ್ಲಿ ಯಾವ ಉದ್ದೇಶದ್ದು ಎಷ್ಟಿದೆ, ಸಭಾಂಗಣಕ್ಕೆ ಬಂದ ಮುಂಗಡಗಳು, ಯುವಜನರ ಮತ್ತು ಸ್ತ್ರೀ ಸಂಘಟನೆಯ ಪಾಸ್‌ಪುಸ್ತಕಗಳು, ಬೆಳ್ಳಿಬಂಗಾರದ ಪಾತ್ರೆಗಳ ತೂಕ, ಜಾಗದ ಆರ್‌ಟಿಸಿ ಪ್ರತಿಗಳು, ಯಾರಿಂದ ಎಷ್ಟು ಕೈಸಾಲ. ಕೊನೆಗೆ ಪೂಜೆಯ ಪುಸ್ತಕ ತೆರೆದು, ಹಣ ಬಂದು ಇನ್ನೂ ಅರ್ಪಿಸದ ಪೂಜೆಗಳನ್ನು ಎಣಿಸಿ, ಕೆಳಗೆ ಗೆರೆ ಎಳೆದು, ಅಷ್ಟು ಪೂಜೆಗಳ ಕಾಣಿಕೆಯನ್ನು ಎಣಿಸಿ ಹೊಸ ಗುರುಗಳ ಮುಂದಿಡಬೇಕು. ಹಳೆಯ, ಹೊಸ ಗುರುಗಳಿಬ್ಬರೂ ಸಹಿ ಹಾಕಿದ ಮೇಲೆ ಕೀಲಿಗೊಂಚಲು.